ಹೆಂಡದಂಗಡಿ ಮುಂದೆ ನಿಂತ ಚುಕ್ಕಿ

ಶಾಲೆಯ ವ್ಯಾನ್ ಓಡಿಸುವವಳನ್ನು ಮಕ್ಕಳು ವ್ಯಾನಕ್ಕ ಎನ್ನುತ್ತಿದ್ದರು. ದೊಡ್ಡವರಿಗೂ ಅದೇ ರೂಢಿಯಾಗಿತ್ತು. ಅವಳ ಹಳೆಯ ಫೋನಿನಲ್ಲಿ ಒಂದು ಆ್ಯಪ್ ತೆರೆಮರೆಯಲ್ಲಿ ಓಡುತ್ತ, ವ್ಯಾನ್ ಎಲ್ಲಿದೆಯೆಂದು ತಂದೆತಾಯಂದಿರ ಫೋನುಗಳಿಗೆ ತಿಳಿಸುತ್ತಿತ್ತು. ಅವರಿಗೆ ವ್ಯಾನೆಂದರೆ ನಕ್ಷೆಯ ಮೇಲಿನ ಒಂದು ಹಸಿರು ಚುಕ್ಕಿ.

ಒಂದು ವಾರದಿಂದ ಆ ಚುಕ್ಕಿ ಸಂಜೆಯಾದರೆ ಹೆಂಡದಂಗಡಿಯ ಮುಂದೆ ನಿಂತುಬಿಡುತ್ತಿತ್ತು. ಬಹಳ ಹೊತ್ತು ಕದಲದೆ, ಆಮೇಲೆ ಒಂದೇ ನೆಗೆತಕ್ಕೆ ಮೊದಲನೇ ಮಗುವಿನ ಮನೆ ಮುಂದೆ. ಕುಡಿದವರು ಓಡಿಸುವುದೇ ಹಾಗೆ ಎಂದು ಒಬ್ಬರೆಂದರು, ಇನ್ನೊಬ್ಬರು ತಲೆಯಾಡಿಸಿದರು. ವ್ಯಾನಕ್ಕ ಎಷ್ಟು ಆಣೆ ಮಾಡಿದರೂ ನಂಬುವವರಿಲ್ಲ. ಇನ್ನೊಂದು ದೂರು ಬಂದರೆ ವ್ಯಾನಿನ ಕೆಲಸ ಬೇರೆಯವರಿಗೆ ಎಂದು ಶಾಲೆಯ ಮೇಲ್ವಿಚಾರಕರು ಹೇಳಿಯೂ ಆಯಿತು.

ದೂರುವವರಲ್ಲಿ ಜೋರು ಬಾಯಿ, ವ್ಯಾನಿನಲ್ಲಿ ಬರುವ ಅವಳಿ ಮಕ್ಕಳ ತಾಯಿ ಅವಳಿಗಳಮ್ಮನದು. ಕಣ್ಣಾರೆ ನೋಡಿಯೇ ತೀರುತ್ತೇನೆಂದು ಮರುದಿನ ಸಂಜೆ ತಾನೇ ವ್ಯಾನು ಹತ್ತಿ, ಮುಂದಿನ ಸೀಟಿನಲ್ಲಿ ಪೊಲೀಸಿನವಳ ಹಾಗೆ ಕೂತಳು.

ಹೆಂಡದಂಗಡಿ ಹತ್ತಿರವಾಯಿತು. ವ್ಯಾನಕ್ಕನ ಫೋನಿಗೆ ಗಂಡನ ವಿಡಿಯೊ ಕಾಲ್ ಬಂತು. ಅವನ ಪಾಳಿ ಬದಲಾಗಿ ವಾರದಿಂದ ಅಡುಗೆ ಅವನ ಪಾಲಿಗೆ ಬಿದ್ದಿತ್ತು; ಒಲೆ ಮುಂದೆ ನಿಂತು ಅವನು ದಿನಾ ಕಾಲ್ ಮಾಡುವ ಹೊತ್ತಿಗೆ ವ್ಯಾನು ಸರಿಯಾಗಿ ಅಲ್ಲಿರುತ್ತಿತ್ತು. ಓಡಿಸುವಾಗ ವ್ಯಾನಕ್ಕ ಫೋನ್ ಮುಟ್ಟುವವಳಲ್ಲ. ತಾನೇ ಸುಮ್ಮನಾಗುತ್ತದೆ, ಬಿಡಿ ಎಂದಳು. ಅವಳಿಗಳಮ್ಮ ಬಿಡುವವಳೇ? ಒತ್ತಿಯೇಬಿಟ್ಟಳು. ತೆರೆಯ ಮೇಲೆ ಮುಖವಿರಲಿಲ್ಲ, ಬರೀ ಆಲೂಗಡ್ಡೆ.

"ಬೆಂದಿದ್ಯೇನೇ ನೋಡು," ಅಂದಿತು ಪಾತ್ರೆಯ ಹಿಂದಿನ ದನಿ.

"ಚಾಕು ಚುಚ್ಚಿ ನೋಡಿ. ಫೋನಿಗೆ ತೋರಿಸಿದ್ರೆ ಬೇಯುತ್ತಾ?" ಎಂದಳು ವ್ಯಾನಕ್ಕ, ರಸ್ತೆಯಿಂದ ಕಣ್ಣು ತೆಗೆಯದೆ.

ಮಕ್ಕಳು ಬಿದ್ದು ಬಿದ್ದು ನಕ್ಕವು. ವ್ಯಾನು ಎಲ್ಲಿಯೂ ನಿಲ್ಲದೆ ಎರಡು ಬೀದಿ ದಾಟಿತು. ಅಷ್ಟರಲ್ಲಿ ಅವಳಿಗಳಮ್ಮನ ಫೋನ್ ಬಡಿದುಕೊಂಡಿತು. ಮನೆಯಲ್ಲಿ ನಕ್ಷೆ ನೋಡುತ್ತ ಕೂತಿದ್ದ ಅತ್ತೆ.

"ಇನ್ನೂ ಹೆಂಡದಂಗಡಿ ಮುಂದೇನೇ ಇದ್ದೀಯಲ್ಲ. ನೀನೂ ಶುರು ಮಾಡ್ಕೊಂಡ್ಯಾ ತಾಯಿ?"

ಅವಳಿಗಳಮ್ಮ ತನ್ನ ಫೋನಿನ ಚುಕ್ಕಿಯನ್ನೂ ಕಿಟಕಿಯಾಚೆ ಓಡುತ್ತಿದ್ದ ಮನೆಗಳನ್ನೂ ನೋಡಿದಳು.

ಮಕ್ಕಳನ್ನೆಲ್ಲ ಇಳಿಸಿ ಇಬ್ಬರೂ ಮೊಬೈಲ್ ರಿಪೇರಿಯವನ ಬಳಿ ಹೋದರು. ಮೆಮೊರಿ ಕಡಿಮೆಯಿರುವ ಫೋನೆಂದರೆ ಸಣ್ಣ ಕೋಣೆ ಇದ್ದ ಹಾಗೆ, ದೊಡ್ಡ ನೆಂಟರು ಬಂದರೆ ಕಣ್ಣಿಗೆ ಬೀಳದವರನ್ನು ಹೊರಗೆ ಹಾಕುತ್ತದೆ ಎಂದ ಅವನು. ವಿಡಿಯೊ ಕಾಲ್ ಬಂದಾಗಲೆಲ್ಲ ವ್ಯಾನಿನ ಆ್ಯಪ್ ಹೊರಬೀಳುತ್ತಿತ್ತು. ಮೊದಲ ಮನೆ ಮುಂದೆ ನಿಲ್ಲಿಸಿ ಅವಳು ಫೋನ್ ತೆರೆದಾಗ ಅದಕ್ಕೆ ಮತ್ತೆ ಜೀವ ಬರುತ್ತಿತ್ತು. ಆ್ಯಪಿನ ಮೇಲಿದ್ದ ಬ್ಯಾಟರಿ ಉಳಿತಾಯದ ಕಟ್ಟುಪಾಡನ್ನು ಅವನು ತೆಗೆದ. ಅದು ಓಡುತ್ತಿದೆ ಎಂಬ ಸೂಚನೆ ಸದಾ ತೆರೆಯ ಮೇಲಿರುವಂತೆ ಮಾಡಿದ.

"ಆದ್ರೂ ಗ್ಯಾರಂಟಿ ಇಲ್ಲ ಅಕ್ಕ. ಇಬ್ಬರನ್ನ ಸಾಕೋ ಶಕ್ತಿ ಇದಕ್ಕಿಲ್ಲ."

ವಿಡಿಯೊ ಕಾಲಿನ ಆ್ಯಪನ್ನೇ ಕಿತ್ತುಹಾಕಿಸಿ ವ್ಯಾನಕ್ಕ ಮನೆಗೆ ಬಂದಳು.

"ಹಾಗಾದ್ರೆ ಇನ್ನು ಯಾರನ್ನ ಕೇಳ್ಲಿ?" ಎಂದ ಗಂಡ.

"ಪಾತ್ರೇನೇ ಕೇಳಿ."

ಮರುದಿನ ಚುಕ್ಕಿ ಹೆಂಡದಂಗಡಿಯನ್ನು ತಿರುಗಿಯೂ ನೋಡದೆ ಮುಂದೆ ಹೋಯಿತು. ಅವಳಿಗಳಮ್ಮ ತಾನೇ ಮೇಲ್ವಿಚಾರಕರ ಬಳಿ ಹೋಗಿ, ತಪ್ಪು ಫೋನಿನದು, ವ್ಯಾನಕ್ಕನದಲ್ಲ ಎಂದು ಹೇಳಿಬಂದಳು. ವ್ಯಾನು ಅವಳ ಕೈಯಲ್ಲೇ ಉಳಿಯಿತು. ಆ ರಾತ್ರಿಯ ಆಲೂಗಡ್ಡೆ ಒಳಗೆ ಹಸಿ, ಹೊರಗೆ ಕರಿ. ವ್ಯಾನಕ್ಕ ತಟ್ಟೆ ಖಾಲಿ ಮಾಡಿ, ಇನ್ನೊಂದು ಸೌಟು ಬಡಿಸಿಕೊಂಡಳು.