ಬಾಲದಕ್ಷರದ ಮೂರನೇ ಚೀಟಿ

ಇಂಗ್ಲಿಷ್-ಕನ್ನಡ ನಿಘಂಟು ಕಚೇರಿಯಲ್ಲಿ ಎಲ್ಲರೂ ಅವಳನ್ನು ಚೀಟಿಯಮ್ಮ ಎನ್ನುತ್ತಿದ್ದರು. ಎಲ್ಲಿ ಯಾರು ಬಾಯಿ ಬಿಟ್ಟರೂ ಚೀಲದಿಂದ ಚೀಟಿ ತೆಗೆದು ಬರೆದುಕೊಳ್ಳುವುದು ಅವಳ ಚಾಳಿ. ಎರಡು ವರ್ಷದಿಂದ ಅವಳ ತಲೆ ತಿನ್ನುತ್ತಿದ್ದದ್ದು ಒಂದೇ ಅಕ್ಷರ, ಇಂಗ್ಲಿಷ್ ಪದಗಳ ಬಾಲಕ್ಕೆ ಅಂಟಿಕೊಳ್ಳುವ ವೈ.

ಒಂದೇ ಅಕ್ಷರವೆಂದು ಹಗುರವಾಗಿ ಕಾಣಬೇಡಿ. ಕ್ಲೌಡ್ ಎಂದರೆ ಮೋಡ, ಕ್ಲೌಡಿ ಎಂದರೆ ಮೋಡ ತುಂಬಿದ್ದು. ಈ ವೈ ಹಳೆಯ ಇಂಗ್ಲಿಷಿನಲ್ಲಿ 'ಇಗ್' ಆಗಿತ್ತು, ಜನರ ನಾಲಿಗೆಯ ಮೇಲೆ ಸವೆದು ಕೊನೆಯ ಸದ್ದು ಉದುರಿಹೋಯಿತು. ಮಾಸ್ಟರಿಯ, ಅಂದರೆ ಪ್ರಭುತ್ವ ಎನ್ನುವ ಪದದ, ವೈ ಬೇರೆ ಮನೆತನದ್ದು, ಲ್ಯಾಟಿನ್‌ನಲ್ಲಿ ಹುಟ್ಟಿ ಫ್ರೆಂಚರ ಮನೆಯಲ್ಲಿ ಬೆಳೆದು ಬಂದದ್ದು. ಮೂರನೆಯದು ಸ್ಕಾಟ್ ಜನರ ಬಾಯಿಂದ ಹರಡಿದ್ದು, ಡಾಗ್ ಅನ್ನು ಡಾಗಿ ಮಾಡುವಂಥದ್ದು. ಜಗಳವೆಲ್ಲ ಇದರದ್ದೇ; ಇದಕ್ಕೆ ಪ್ರೀತಿಯ ಅರ್ಥವೂ ಇದೆ ಎನ್ನುವುದು ಚೀಟಿಯಮ್ಮನ ವಾದ.

"ಡಾಗಿ ಅಂದ್ರೆ ಚಿಕ್ಕ ನಾಯಿ, ಅಷ್ಟೇ" ಎನ್ನುತ್ತಿದ್ದರು ಸಂಪಾದಕರು. ಕಂಡದ್ದನ್ನೆಲ್ಲ ಕತ್ತರಿಸುವುದರಿಂದ ಅವರಿಗೆ ಕತ್ತರಿ ಸಾರ್ ಎಂದೇ ಹೆಸರು. "ಪ್ರೀತಿ ಅನ್ನೋ ಅರ್ಥ ಎಲ್ಲಿಂದ ತಂದ್ರಿ? ಮೂರು ಚೀಟಿ ತೋರಿಸಿ."

ಅದು ಕಚೇರಿಯ ಕಟ್ಟುನಿಟ್ಟು. ಕಿವಿಯಾರೆ ಕೇಳಿದ ಮೂರು ಮಾತಿನ ಪುರಾವೆಯಿಲ್ಲದೆ ಯಾವ ಅರ್ಥವೂ ಒಳಗೆ ಬರುವಂತಿಲ್ಲ. ಕರುವಿನಷ್ಟು ಎತ್ತರದ ನಾಯಿಯನ್ನು ಪಕ್ಕದ ಮನೆಯಾಕೆ ಡಾಗಿ ಎಂದದ್ದು ಒಂದು ಚೀಟಿ. ಬಾಗಿಲಿಗೆ ತಲೆ ತಾಗುವಂಥ ಅಜ್ಜಿಯನ್ನು ಮೊಮ್ಮಗಳು ಗ್ರ್ಯಾನಿ ಎಂದದ್ದು ಇನ್ನೊಂದು. ಇವತ್ತು ನಾಲ್ಕು ಗಂಟೆಗೆ ಪುಟ ಅಚ್ಚಿಗೆ ಹೋಗಬೇಕು. ಮೂರನೆಯದು ಸಿಗದಿದ್ದರೆ ಪ್ರೀತಿ ನಿಘಂಟಿನಿಂದ ಆಚೆ.

ಮೂರೂವರೆಗೆ ಬಾಗಿಲು ತಳ್ಳಿಕೊಂಡು ಗುಬ್ಬಚ್ಚಿಯಂಥ ಒಬ್ಬ ಮುದುಕಿ ಬಂದಳು. ಕೈಯಲ್ಲಿ ಕನ್ನಡಕದ ಡಬ್ಬಿ. ನೇರವಾಗಿ ಸಂಪಾದಕರ ಮೇಜಿನ ಮುಂದೆ ನಿಂತಳು.

"ಪಿಗ್ಗೀ, ಕನ್ನಡಕ ಬಿಟ್ಟು ಬಂದಿದ್ದೀಯಲ್ಲೋ. ಬೆಳಗ್ಗಿಂದ ಏನು ಓದಿದೆ, ಗೋಡೆನಾ?"

ಕಚೇರಿಯವರೆಲ್ಲ ತಲೆ ಎತ್ತಿ ನೋಡಿದರು. ಪಿಗ್ ಎಂದರೆ ಹಂದಿ. ಆರಡಿ ಎತ್ತರದ, ಐವತ್ತೆಂಟು ದಾಟಿದ ಕತ್ತರಿ ಸಾರ್ ಕಿವಿಯ ತುದಿವರೆಗೂ ಕೆಂಪಾದರು.

"ಅಮ್ಮಾ, ಇದು ಆಫೀಸು."

"ಆದ್ರೇನು? ಮನೇಲಿ ಪಿಗ್ಗಿ, ಇಲ್ಲಿ ಬೇರೆಯವನಾ ನೀನು?" ಎನ್ನುತ್ತ ಮುದುಕಿ ಎದ್ದು ನಿಂತ ಮಗನ ಮುಖಕ್ಕೆ, ತುದಿಗಾಲಲ್ಲಿ ನಿಂತು, ತಾನೇ ಕನ್ನಡಕ ಹಾಕಿದಳು. ಅವರು ಬಗ್ಗಿಕೊಟ್ಟರು.

ಚೀಟಿಯಮ್ಮನ ಕೈ ಚೀಲಕ್ಕೆ ಹೋಗಿ ಹಾಗೇ ನಿಂತಿತು. ಗೆದ್ದೆ ಎನ್ನುವ ಖುಷಿ ಉಕ್ಕಿ ಬಂದರೂ, ಬಗ್ಗಿದ ಆ ದೊಡ್ಡ ಬೆನ್ನನ್ನು ನೋಡಿ ಅವಳ ಕಣ್ಣು ತುಂಬಿತು. ಎಲ್ಲರೆದುರು ಅವರ ಮರ್ಯಾದೆ ತೆಗೆಯಲು ಮನಸ್ಸಾಗಲಿಲ್ಲ. ಚೀಲ ಮುಚ್ಚಿದಳು.

"ಯಾಕೆ ಮುಚ್ಚಿದ್ರಿ?" ಎಂದರು ಕತ್ತರಿ ಸಾರ್. "ಒಂದು ಚೀಟಿ ಕೊಡಿ ಇಲ್ಲಿ."

ಅವರೇ ಬರೆದರು. ಹೇಳಿದವರು: ಅಮ್ಮ. ಯಾರಿಗೆ: ಮಗನಿಗೆ. ಮಗನ ತೂಕ: ತೊಂಬತ್ತಾರು ಕಿಲೋ. ಅರ್ಥ ಎಂಬಲ್ಲಿ ಪೆನ್ನು ಒಂದು ಗಳಿಗೆ ನಿಂತಿತು. ಆಮೇಲೆ ಕನ್ನಡಕ ಸರಿಮಾಡಿಕೊಂಡು, "'ಚಿಕ್ಕದು' ಎಂದು ಬರೆಯಲಾಗುವುದಿಲ್ಲ" ಎಂದು ಬರೆದು ಸಹಿ ಹಾಕಿ, ಚೀಟಿಯನ್ನು ಉಳಿದೆರಡರ ಜೊತೆ ಸೇರಿಸಿದರು.