ಬಾಯಿಗೆ ಅಡ್ಡ ಹಿಡಿದ ಬಟ್ಟೆ

ಕುಂಯ್ ಎಂದು ಸೊಳ್ಳೆಯಂಥ ಒಂದು ಸದ್ದು. ಶ್ರವಣತಜ್ಞೆ ಖಾಲಿ ಸಭಾಂಗಣದ ನಡುವೆ ನಿಂತು ಕಿವಿಗೊಟ್ಟಳು. ರಾತ್ರಿ ಬಹಳವಾಗಿತ್ತು. ಬ್ಯಾನರ್ ಕಟ್ಟುವವರೂ ಹೊರಟುಹೋಗಿದ್ದರು.

"ಸ್ಪೀಕರ್‌ನಿಂದ ಏನೋ ಬರ್ತಿದೆ ನೋಡಿ," ಎಂದಳು.

ಮೈಕಿನವನು ವೈರು ಸುತ್ತುತ್ತಲೇ ನಕ್ಕ. "ನಂಗೇನೂ ಕೇಳಿಸ್ತಿಲ್ಲ ಮೇಡಂ. ದಿನಾ ಕಿವಿ ಜೊತೇನೇ ಸಂಸಾರ ಅಲ್ವಾ ನಿಮ್ದು, ಇರುವೆ ಕೆಮ್ಮಿದ್ರೂ ಕೇಳ್ಸುತ್ತೆ. ಹೋಗಿ ಮಲಕ್ಕೊಳ್ಳಿ."

ನಾಳೆಯ ಬಗ್ಗೆ ತನ್ನದೇ ಆತಂಕವಿರಬೇಕು ಎಂದುಕೊಂಡು ಅವಳು ಸುಮ್ಮನಾದಳು.

ಮರುದಿನ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವುಡರಿಗೆ ಕೇಳಿಸಲೆಂದು ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಸಾಧನ, ಅದರ ಸಂಶೋಧನಾ ಸಮ್ಮೇಳನದ ಕೊನೆಯ ದಿನ. ಮುಂದಿನ ಸಾಲಿನಲ್ಲಿ ದತ್ತಿ ಸಂಸ್ಥೆಯ ಅಧ್ಯಕ್ಷೆ ಕುಳಿತಿದ್ದರು. ಬರುವ ವರ್ಷದ ಸಮ್ಮೇಳನಕ್ಕೂ, ಅದರ ಜೊತೆಗೇ ಅವಳ ಅಧ್ಯಯನಕ್ಕೂ ಹಣ ಕೊಡಬೇಕಾದವರು ಅವರು. ಇಂಪ್ಲಾಂಟ್ ಹಾಕಿಸಿಕೊಂಡ ಮಕ್ಕಳಿಗೆ ಗದ್ದಲದಲ್ಲಿ ಎಷ್ಟು ಕೇಳಿಸುತ್ತದೆ ಎಂಬುದೇ ಆ ಅಧ್ಯಯನ. ಪ್ರಬಂಧಗಳು ನಡೆಯುವಾಗ ಅಧ್ಯಕ್ಷೆ ಆಕಳಿಸಿದ್ದನ್ನು ಆಪರೇಷನ್ ಮಾಡುವ ದೊಡ್ಡ ಡಾಕ್ಟರು ನೋಡಿದ್ದರು.

"ಗ್ರಾಫು ಅವರ ತಲೆಗೆ ಹೋಗಲ್ಲಮ್ಮ, ಮಗು ಹೋಗುತ್ತೆ. ವೇದಿಕೆ ಮೇಲೆ ಚೂಟೀನ ಕೂರಿಸು," ಎಂದರು. "ಈ ಹಣ ಕೈತಪ್ತೋ, ನಿನ್ನ ಅಧ್ಯಯನಕ್ಕೂ ಬೀಗ."

ಚೂಟಿಗೆ ಒಂಬತ್ತು ವರ್ಷ. ಹುಟ್ಟಿನಿಂದ ಕಿವಿ ಕೇಳಿಸದವಳು, ಆಪರೇಷನ್ ಆದಮೇಲೆ ಶ್ರವಣತಜ್ಞೆಯ ಹತ್ತಿರವೇ ಮಾತು ಕಲಿತವಳು. ನಿಶ್ಶಬ್ದವಾದ ಕೋಣೆಯಲ್ಲಿ ಪಿಸುಮಾತಿಗೂ ಉತ್ತರ ಕೊಡುತ್ತಿದ್ದಳು.

ವೇದಿಕೆಯ ಮೇಲೆ ಇಬ್ಬರೂ ಎದುರುಬದುರಾಗಿ ಕುಳಿತರು. ಕೇಳಿದ ಪದವನ್ನು ಮಗು ತಿರುಗಿ ಹೇಳಬೇಕು; ತುಟಿ ನೋಡಿ ಊಹಿಸಬಾರದೆಂದು ಪರೀಕ್ಷೆಯಲ್ಲಿ ಬಾಯಿ ಮರೆಮಾಡುತ್ತಾರೆ. ಅದಕ್ಕಾಗಿ ಶ್ರವಣತಜ್ಞೆಯ ಕೈಯಲ್ಲಿ ಕಸೂತಿ ಹಾಕುವ ರಿಂಗಿಗೆ ಬಿಗಿದ ಕಪ್ಪು ಬಟ್ಟೆಯಿತ್ತು. ಅದನ್ನು ಅಡ್ಡ ಹಿಡಿದು "ಕಿಟಕಿ" ಎಂದಳು.

ಚೂಟಿ ನಕ್ಕಳು, ಮಾತಾಡಲಿಲ್ಲ.

"ಕಿಟಕಿ."

ಆಗ ಅವಳ ಕಣ್ಣಿಗೆ ಬಿತ್ತು: ಹುಡುಗಿಯ ಕಿವಿಯ ಹಿಂದಿನ ಯಂತ್ರದಲ್ಲಿ ಮಿನುಗಬೇಕಾದ ಹಸಿರು ದೀಪ ಆರಿತ್ತು. ಏಳಬೇಕು, "ಒಂದು ನಿಮಿಷ" ಎನ್ನಬೇಕು, ಅಷ್ಟೇ. ಕೆಳಗೆ ದೊಡ್ಡ ಡಾಕ್ಟರು ಗಂಟಲು ಸರಿಮಾಡಿಕೊಂಡರು. ಅಧ್ಯಕ್ಷೆ ಪಕ್ಕದವರ ಕಿವಿಯಲ್ಲಿ ಏನೋ ಹೇಳಿದರು.

ಸಭೆಗೆ ಬಟ್ಟೆ ಅಡ್ಡವಾಗಿಯೇ ಕಾಣುತ್ತಿತ್ತು. ಮಗುವಿನ ಕಡೆಗೆ ಮಾತ್ರ, ತುಟಿ ಕಾಣುವಂತೆ, ಎರಡು ಬೆರಳಷ್ಟು ವಾಲಿತು.

"ಕಿಟಕಿ," ಎಂದಳು ಚೂಟಿ.

ತಿಂಗಳುಗಟ್ಟಲೆ ಹೇಳಿಸಿದ ಪದಗಳೇ. ಆದರೂ "ಬಳೆ", "ಮಳೆ" ಬಂದಾಗ ಶ್ರವಣತಜ್ಞೆ ಅವನ್ನು ಹಾರಿಸಿದಳು. ಎರಡಕ್ಕೂ ತುಟಿ ಒಂದೇ ಥರ ಮುಚ್ಚುತ್ತದೆ, ನೋಡಿ ತಿಳಿಯುವುದಿಲ್ಲ. ಎಷ್ಟು ಸಲೀಸಾಗಿ ಹಾರಿಸಿದಳೆಂದರೆ ಸಭೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಆ ಸಲೀಸಿಗೇ ಅವಳಿಗೆ ಭಯವಾಯಿತು.

ಅಧ್ಯಕ್ಷೆ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಹಣ ಕೊಡುವುದಾಗಿ ಅಲ್ಲೇ ಹೇಳಿದರು.

ಕೆಳಗಿಳಿಯುತ್ತಲೇ ಒಬ್ಬ ತಂದೆ ಎದುರಾದ, ಹೆಗಲ ಮೇಲೆ ನಿದ್ದೆಹೋದ ಕೂಸು. "ಇಷ್ಟು ಜನರ ಮಧ್ಯೆಯೂ ಕೇಳುತ್ತಲ್ಲ ಮೇಡಂ! ನಮ್ಮನೇಲಿ ಹಗಲೆಲ್ಲ ಮಗ್ಗದ ಸದ್ದು, ಅದಕ್ಕೇ ಆಪರೇಷನ್‌ಗೆ ಹಿಂದೆಮುಂದೆ ನೋಡ್ತಿದ್ವಿ. ನಮ್ಮ ಪುಟ್ಟೀಗೂ ಹೀಗೇ ಆಗುತ್ತಾ?"

"ಒಂದೊಂದು ಮಗು ಒಂದೊಂದು ಥರ," ಎಂದಳು.

ಅವನಿಗೆ ಅಷ್ಟೇ ಸಾಕಾಗಿತ್ತು. ಡಾಕ್ಟರ ಕಡೆಗೆ ಹೆಚ್ಚುಕಡಿಮೆ ಓಡಿದ. ಅವಳ ಬಾಯಿಯವರೆಗೂ ಬಂದ "ನಿಲ್ಲಿ" ಅಲ್ಲೇ ಉಳಿಯಿತು.

ವೇದಿಕೆಯ ಹಿಂದಿನ ಓಣಿಯಲ್ಲಿ ಚೂಟಿ ಬಿಸ್ಕತ್ತು ತಿನ್ನುತ್ತಿದ್ದಳು. ಶ್ರವಣತಜ್ಞೆ ಯಂತ್ರದ ಕಡೆ ಬೆರಳು ತೋರಿಸಿದಳು. ಹುಡುಗಿ ನಾಲಿಗೆ ಕಚ್ಚಿಕೊಂಡು ಗುಂಡಿ ಒತ್ತಿದಳು; ಹಸಿರು ದೀಪ ಮಿನುಗಿತು.

"ಸ್ಪೀಕರ್ ಕುಂಯ್ ಅಂತಿತ್ತು ಆಂಟಿ, ತಲೇಲಿ ಸೂಜಿ ಚುಚ್ಚಿದ ಹಾಗೆ. ಆಫ್ ಮಾಡ್ಕೊಂಡ್ಬಿಟ್ಟೆ."

"ನನಗೆ ಹೇಳ್ಬಾರದಿತ್ತೇನೇ?"

"ನೀವೇ ಹೆದರ್ಕೊಂಡಿದ್ರಲ್ಲ."

ಶ್ರವಣತಜ್ಞೆ ಕಪ್ಪು ಬಟ್ಟೆಯ ರಿಂಗನ್ನು ಬೆನ್ನ ಹಿಂದೆ ಹಿಡಿದಳು.

"ಅಮ್ಮಂಗೆ ಹೇಳ್ಬೇಡಿ, ಬೈತಾಳೆ," ಎಂದಳು ಚೂಟಿ. ಸ್ವಲ್ಪ ಯೋಚಿಸಿ, ದೊಡ್ಡವರ ಹಾಗೆ ದನಿ ತಗ್ಗಿಸಿ, "ನೀವು ಬಟ್ಟೆ ಸರಿಸಿದ್ದು ನಾನೂ ಹೇಳಲ್ಲ," ಎಂದಳು.

ಇದನ್ನೂ ತಾನೇ ಕಲಿಸಿದಂತಾಯಿತು ಎನಿಸಿತು ಅವಳಿಗೆ.

ಚೂಟಿಯ ತಾಯಿ ಕಣ್ಣೊರೆಸಿಕೊಳ್ಳುತ್ತಾ ಬಂದಳು. "ಏನಾದ್ರೂ ತಪ್ಪು ಮಾಡಿದ್ಲಾ ಮೇಡಂ? ಮೊದಲ್ನೇದಕ್ಕೆ ತಡ ಮಾಡಿದ್ಲಲ್ಲ?"

ಓಣಿಯ ಆ ತುದಿಯಲ್ಲಿ ದೊಡ್ಡ ಡಾಕ್ಟರು ಆ ತಂದೆಯ ಭುಜದ ಮೇಲೆ ಕೈಯಿಟ್ಟು ಆಪರೇಷನ್ನಿನ ದಿನ ಹೇಳುತ್ತಿದ್ದರು. ಅವನು ತಲೆಯಾಡಿಸುತ್ತಿದ್ದ. ಈಗ ಕೂಗಿದರೆ ಕೇಳಿಸುವಷ್ಟು ಹತ್ತಿರ. ಅವಳು ಅತ್ತ ನೋಡಿದಳು, ಮತ್ತೆ ತಾಯಿಯ ಕಡೆ ತಿರುಗಿದಳು. ಇವಳಿಗಾಗಲಿ, ಅವನಿಗಾಗಲಿ, ಯಾರಿಗೂ ಹೇಳುವುದಿಲ್ಲ ಎಂಬುದು ಅಷ್ಟರಲ್ಲಿ ಒಳಗೇ ಇತ್ಯರ್ಥವಾಗಿತ್ತು.

"ಇಲ್ಲಮ್ಮ. ಚೆನ್ನಾಗಿ ಮಾಡಿದ್ಲು."

ಚೂಟಿ ತನ್ನ ಪೊಟ್ಟಣದಿಂದ ಒಂದು ಬಿಸ್ಕತ್ತು ತೆಗೆದು ಅವಳ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿದಳು.