ಮಾದಮ್ಮನಿಗೆ ಮೊದಲ ಮಣ್ಣು

ಸೋದರತ್ತೆ ಮಾದಮ್ಮನ ದೇಹವನ್ನು ಗುಂಡಿಗಿಳಿಸಿ ಹಗ್ಗ ಎಳೆದುಕೊಂಡ ಮಾದೇಶ್, ಬಗ್ಗಿ ಒಂದು ಹಿಡಿ ಮಣ್ಣು ತೆಗೆದ. ಅಷ್ಟರಲ್ಲಿ ಯಜಮಾನ ಚನ್ನಯ್ಯ ಕೋಲು ಅಡ್ಡ ಹಿಡಿದರು.

“ತಡಿಯಲಾ. ನೀನು ತಮ್ಮನ ಮಗ. ಮೊದ್ಲು ಮಕ್ಳ ಮಣ್ಣು ಬೀಳ್ಬೇಕು.”

“ಮಕ್ಳೆಲ್ಲವ್ರೆ ತಾತ? ಇದ್ದೊಬ್ಬ ಮಗ ನಶೆ ಸೂಜಿ ಚುಚ್ಕೊಂಡು ಅವ್ಳಿಗಿಂತ ಮುಂಚೇನೆ ಓದ.”

“ಎತ್ತ ಮಕ್ಳಿಲ್ದಿದ್ರೆ ಸಾಕ್ಸ್ಕೊಂಡೋರು. ಕೂಗಿ ಕೇಳೋದು ನಮ್ ಪದ್ಧತಿ.”

“ಸಾಕ್ಸ್ಕೊಂಡೋರಾ?” ಪಕ್ಕದ ಮನೆಯ ಚಿಕ್ಕತಾಯಮ್ಮ ಸೆರಗಿನೊಳಗೇ ನಕ್ಕಳು. “ಊರಲ್ಲಿರೋ ಸೂಜಿ ಐಕ್ಳೆಲ್ಲ ಅವ್ಳ ಮಕ್ಳೇಯ. ಕರೀರಿ ಮತ್ತೆ! ಯಾರ್ಯಾರು ಅಂತ ನಾವೂ ನೋಡಮ.”

ಸುತ್ತ ನಿಂತವರೂ ನಕ್ಕರು. ಹೊಂಗೆ ಮರದ ಕೆಳಗೆ ನಿಂತಿದ್ದ ಶಾಲಿನಿ ಒಬ್ಬೊಬ್ಬರ ಮುಖವನ್ನೇ ನೋಡಿದಳು. ಅವಳು ನರಸೀಪುರದ ಎಚ್‌ಐವಿ ಪರೀಕ್ಷಾ ಕೇಂದ್ರದ ಆಪ್ತಸಮಾಲೋಚಕಿ. ಇಷ್ಟು ಕೇಳಿದ ಮೇಲೆ ಇನ್ನು ಯಾರು ತಾನೇ ಮುಂದೆ ಬರುತ್ತಾರೆ?

* * *

ಮಗ ಹೋದ ಮೇಲೆ ಮಾದಮ್ಮ ಶಾಲಿನಿಯ ಕೇಂದ್ರದ ಪರವಾಗಿ ಊರೂರು ತಿರುಗುವ ಕೆಲಸಕ್ಕೆ ಸೇರಿದ್ದಳು. ಹೊಳೆದಂಡೆಯ ಪಾಳು ಮಂಟಪದಲ್ಲಿ ಕೂತು ನಶೆಯ ಹುಡುಗರಿಂದ ಹಳೆಯ ಸಿರಿಂಜ್ ಇಸಿದುಕೊಂಡು, ಸೋಂಕು ಹರಡದಂತೆ ಹೊಸದು ಕೊಡುತ್ತಿದ್ದಳು. ಬಾಯಿ ತುಂಬ ಬೈದು, ಕೊನೆಗೆ “ಉಂಡ್ಯೇನ್ಲಾ?” ಎನ್ನುತ್ತಿದ್ದಳು.

ಕಳೆದ ವಾರ ಅವಳು ಕರೆತಂದ ಒಬ್ಬನಿಗೆ ಸೋಂಕು ಇರುವುದು ಗೊತ್ತಾಯಿತು. ಹಿಂದಿನ ಪರೀಕ್ಷೆಯಲ್ಲಿ ಇರಲಿಲ್ಲ. ಅಂದರೆ ಹೊಸದು. ಅವನ ಜೊತೆ ಸೂಜಿ ಹಂಚಿಕೊಂಡವರನ್ನು ಬೇಗ ಹುಡುಕಬೇಕಿತ್ತು.

“ಯಾರ್ಯಾರು ಮಾದಮ್ಮ?” ಎಂದಳು ಶಾಲಿನಿ.

“ಎಸ್ರು ಕೇಳ್ಬೇಡ ಕಣವ್ವ, ಆಳ್ನೇ ಕರ್ಕೊಂಡ್ ಬತ್ತೀನಿ. ಒಬ್ಬನ ಎಂಡ್ತಿ ಬಸ್ರಿ. ಅವ್ನೇ ಜಾಸ್ತಿ ಎದ್ರಿರೋದು.”

“ಈಗ್ಲೇ ಗೊತ್ತಾದ್ರೆ ಮಗೂನ ಕಾಪಾಡ್ಬಹುದು ಅಂತ ಹೇಳಿ.”

“ಏಳಿವ್ನಿ, ನನ್ ರೀತೀಲಿ. ರಾಕ್ಷಸ ಬಂದು ಬಾಗ್ಲು ತಟ್ಟಿದ ಅಂತ ಮೊದ್ಲ ಮನೆಯೋರು ಕೂಗಿದ್ರೆ, ಪಕ್ಕದ ಮನೆಯೋರು ಅಗುಳಿ ಆಕ್ಕೊತಾರೆ. ನಾಚ್ಕೊಂಡು ಸುಮ್ಕಿದ್ರೆ ಕೇರಿಗೆ ಕೇರಿಯೇ ಕಾಲಿ ಅಂದೆ.”

“ಅದಕ್ಕೇನಂದ?”

“ಮಂಗಳವಾರ ಬತ್ತೀನಿ ಅಂದ.”

ಸೋಮವಾರ ಬಟ್ಟೆ ಒಗೆಯುತ್ತಿದ್ದಾಗ ಮಾದಮ್ಮನಿಗೆ ಎದೆ ಹಿಡಿದುಕೊಂಡಿತು. ಒಣಹಾಕಿದ ಸೀರೆ ಗಾಳಿಗೆ ತುಂಬಿ ಯಾರೋ ಎದ್ದು ನಿಂತ ಹಾಗೆ ಕಾಣುತ್ತಿತ್ತಂತೆ. ಹೆಸರುಗಳು ಅವಳ ಜೊತೆಯೇ ಹೋದವು.

* * *

“ಬನ್ರಪ್ಪಾ,” ಗುಂಡಿಯ ಬಳಿ ಚನ್ನಯ್ಯ ಕೂಗಿದರು. “ಯಾರ್ನೂ ಬಿಸ್ಲಲ್ಲಿ ಕಾಯ್ಸ್ದೋಳಲ್ಲ ಅವ್ಳು. ನೀವೂ ಕಾಯ್ಸ್ಬೇಡಿ.”

ಗುಂಪು ಅಲುಗಾಡಿತು. ಗೂಡ್ಸ್ ಆಟೋ ಓಡಿಸುವ ನಟರಾಜ್ ಚಪ್ಪಲಿ ಬಿಟ್ಟು ಗುಂಡಿಯ ಅಂಚಿಗೆ ಬಂದ.

“ನೀನ್ಯಾಕ್ಲಾ?” ಮಾದೇಶ್ ಗಾಬರಿಯಾದ. “ನಿಮ್ಮವ್ವ ಚಿಕ್ಕತಾಯಮ್ಮ ಅಲ್ಲೇ ನಿಂತವ್ಳಲ್ಲೋ!”

“ನಿಂತಿರ್ಲಿ. ಇವ್ಳೂ ನಮ್ಮವ್ವನೇ.”

ಅವನು ಬಗ್ಗಿ ಒಂದು ಹಿಡಿ ಮಣ್ಣು ಗುಂಡಿಗೆ ಹಾಕಿದ. ಚಿಕ್ಕತಾಯಮ್ಮನ ಸೆರಗು ಜಾರಿತು. ಅವಳು ಎತ್ತಿಕೊಳ್ಳಲಿಲ್ಲ. ತಮಟೆ ಬಡಿಯುತ್ತಿದ್ದವನು ತಮಟೆ ಕೆಳಗಿಟ್ಟು ಬಂದ. ಅವನ ಹಿಂದೆ, ಪಕ್ಕದೂರು ಸೋಸಲೆಯಿಂದ ಬಂದಿದ್ದ ಇನ್ನೊಬ್ಬ. ಯಾರೂ ನಗಲಿಲ್ಲ.

ನಾಲೆಯಲ್ಲಿ ಕೈಕಾಲು ತೊಳೆದು ನಟರಾಜ್ ನೇರ ಶಾಲಿನಿಯ ಬಳಿಗೆ ಬಂದ.

“ಮೇಡಂ, ಇವತ್ತು ಬತ್ತೀನಿ ಅಂತ ಅವ್ವಂಗೆ ಮಾತು ಕೊಟ್ಟಿದ್ದೋನು ನಾನೇ.”

“ನಾಳೆ ಬೆಳಿಗ್ಗೆಯಾದರೂ ಬನ್ನಿ, ಪರವಾಗಿಲ್ಲ.”

“ನಾಳೆಗೆ ಈ ಧೈರ್ಯ ಇರಕಿಲ್ಲ. ಮಣ್ಣಾಕಿದ ಇವ್ರಿಬ್ರೂ ಬತ್ತಾರೆ. ನನ್ ಎಂಡ್ತಿ ಪವಿತ್ರಂಗೂ ಟೆಸ್ಟ್ ಮಾಡ್ಬೇಕಲ್ವಾ?”

“ಮಾಡೋಣ. ಏನೇ ಬಂದರೂ ಔಷಧಿ ಇದೆ.”

ಬಸುರಿ ಸುಡುಗಾಡಿಗೆ ಕಾಲಿಡಬಾರದೆಂದು ಪವಿತ್ರ ರಸ್ತೆಯ ತಿರುವಿನಲ್ಲೇ ನಿಂತಿದ್ದಳು. ನಟರಾಜ್ ಅವಳಿಗೆ ಏನೋ ಹೇಳಿದ. ಅವಳು ಅವನ ಮುಖ ನೋಡಿ, ಆಟೋದ ಮುಂದಿನ ಸೀಟಿಗೆ ಹತ್ತಿದಳು. ಚಿಕ್ಕತಾಯಮ್ಮ ಬಿರಬಿರನೆ ಬಂದಳು. ಆ ಇಬ್ಬರು ಹುಡುಗರು ಆಗಲೇ ಹತ್ತಿ ಕೂತಿದ್ದ ಹಿಂಭಾಗಕ್ಕೆ ಹಲಗೆ ಹಿಡಿದು ತಾನೂ ಹತ್ತಿದಳು.

ಶಾಲಿನಿ ಸ್ಕೂಟರಿನಲ್ಲಿ ಮುಂದೆ ಹೊರಟಳು. ಕನ್ನಡಿಯಲ್ಲಿ ಆಟೋ ತೇಲುತ್ತ ಬರುತ್ತಿತ್ತು. ಹಂಪು ಬಂದಾಗೆಲ್ಲ ಚಿಕ್ಕತಾಯಮ್ಮ ಎದ್ದು ನಿಂತು ಕ್ಯಾಬಿನ್ನಿನ ತಲೆಗೆ ದಬದಬ ಬಡಿಯುತ್ತಿದ್ದಳು: “ಮೆಲ್ಲುಗ್ ಓಡ್ಸ್ಲಾ, ಬಸ್ರಿ ಅವ್ಳೆ!”

ಅವಳು ಬೀಳದಂತೆ ಆ ಇಬ್ಬರು ಹುಡುಗರು ಆಚೀಚೆಯಿಂದ ಅವಳ ರೆಟ್ಟೆ ಹಿಡಿದುಕೊಂಡಿದ್ದರು.